ಬೇಲಿಯೊಳಗಿನ ಬಸುರಿಗೆ ಬಯಕೆ ಹಾಕುವ ಬಗ್ಗೆ

ಇಂದ:
ಲಕ್ಕಯ್ಯ ಬಿನ್ ಲೇಟ್ ಮಾರಯ್ಯ,
ಮಾದರಿ ಗದ್ದೆಯ ಕಾವಲುಗಾರ,
ಸಂಪಿಗೆಕಾನು ಎಸ್ಟೇಟ್, ಕೊಟ್ಟಿಗೆಹಾರದ ಹತ್ತಿರ, ಮೂಡಿಗೆರೆ ತಾಲ್ಲೂಕು.

ಗೆ:
ಮಹಾರಾಜಶ್ರೀ ವಿಟ್ಬಿ ದೊರೆಗಳ ಸನ್ನಿಧಾನಕ್ಕೆ,
ಮ್ಯಾನೇಜರು, ಸದರಿ ಎಸ್ಟೇಟ್, ಬಂಗಲೆ.

ಮಾರ್ಫತ್: ರೈಟರ್ ಷಡಕ್ಷರಿಯವರು (ಇಂಗ್ಲಿಷಿಗೆ ತರುವ ಸಲುವಾಗಿ).

ಮೊಕ್ಕಾಂ: ಮಾದರಿ ಗದ್ದೆಯ ಕಾವಲು ಗುಡಿಸಲು. ಇಸವಿ ೧೯೩೩, ಆಶ್ವಯುಜದ ಹುಣ್ಣಿಮೆ, ಮಧ್ಯಾಹ್ನ.

ವಿಷಯ: ಭೂಮಿ ಹುಣ್ಣಿಮೆ ಪ್ರಯುಕ್ತ ಮಾದರಿ ಗದ್ದೆಗೆ ಊಟ ಬಡಿಸಲು ಅಪ್ಪಣೆ ಕೋರಿ, ಹಾಗೂ ಬೇಲಿಯೊಳಗೆ ಬಸುರಿ ಹೆಂಗಸು ಇದ್ದಾಳೆಂಬ ಸುದ್ದಿಗೆ ಸಮಜಾಯಿಷಿ.

ಉಲ್ಲೇಖ: (ಅ) ತಾವು ಈ ದಿನ ಬೆಳಿಗ್ಗೆ ತಿಂಡಿಯ ಮೇಜಿನಿಂದ ಬರೆಸಿ ಕಳಿಸಿದ ಮೆಮೊ.
(ಆ) ಗೌರಿ ಹಬ್ಬ ಕಳೆದ ಮೇಲೆ ತಾವು ಕುದುರೆಯ ಮೇಲಿಂದ ಹೇಳಿದ ‘ಆಗ್ಲಿ, ಆಗ್ಲಿ’ ಎಂಬ ಮಾತು.
(ಇ) ಅರ್ಜಿದಾರನ ತಾಯಿ ಗಿಡ್ಡಮ್ಮನವರ ಬೈಗುಳ. ಇದು ಬೆಳಿಗ್ಗೆ ಶುರುವಾಗಿ ಈ ಹೊತ್ತಿಗೂ ಚಾಲ್ತಿಯಲ್ಲಿದೆ.

ಮಾನ್ಯರೇ,

ಮೇಲ್ಕಂಡ ಮೆಮೊದಲ್ಲಿ ತಾವು ಮೂರು ಪ್ರಶ್ನೆ ಕೇಳಿದ್ದೀರಿ. ಬೇಲಿಯೊಳಗಿನ ಬಸುರಿ ಯಾರು, ಕಾವಲಿದ್ದೂ ಅವಳು ಒಳಗೆ ಬಂದದ್ದು ಹೇಗೆ, ಅವಳ ಗಂಡ ಯಾರು. ಸಂಜೆಯೊಳಗೆ ಲಿಖಿತ ಉತ್ತರ ಬರದಿದ್ದಲ್ಲಿ ನನ್ನನ್ನು ಕೆಲಸದಿಂದ ತೆಗೆದು, ಎಸ್ಟೇಟಿನಿಂದ ಕೊಟ್ಟ ಲೈನ್ ಮನೆ ಖಾಲಿ ಮಾಡಿಸಲಾಗುವುದೆಂದೂ ತಿಳಿಸಿದ್ದೀರಿ. ಆದ್ದರಿಂದ ಕ್ರಮವಾಗಿ ಉತ್ತರ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಮನ್ನಿಸಬೇಕು. ನಮ್ಮ ಮನೆಯಲ್ಲಿ ನಿನ್ನೆಯ ಊಟದ ಮೇಲೆ ಯಾರ ಬಾಯಿಗೂ ಏನೂ ಹೋಗಿಲ್ಲ.

೧. ಬಸುರಿಯ ಹೆಸರು ಭೂಮಿ. ಇನ್ನೂ ಖಚಿತವಾಗಿ ಹೇಳುವುದಾದರೆ, ತಾವು ಮುಳ್ಳುತಂತಿ ಹಾಕಿಸಿರುವ ಈ ಮಾದರಿ ಗದ್ದೆ. ಬತ್ತ ಹೊಡೆಗೆ ಬಂದಿದೆ. ತೆನೆ ಇನ್ನೂ ಹೊರಗೆ ಬಿದ್ದಿಲ್ಲ, ಎಲೆಯ ಒಡಲಲ್ಲೇ ತುಂಬಿಕೊಂಡು ನಿಂತಿದೆ. ಇಂಥ ಗದ್ದೆಯನ್ನು ನಮ್ಮ ಸೀಮೆಯಲ್ಲಿ ತುಂಬಿದ ಬಸುರಿ ಎಂದೇ ಎಣಿಸುವುದು. ಈ ಹುಣ್ಣಿಮೆಯ ಬೆಳಿಗ್ಗೆ ಸೂರ್ಯ ಹುಟ್ಟುವ ಮೊದಲು ಬುಟ್ಟಿ ಹೊತ್ತುಕೊಂಡು ಹೋಗಿ ಅವಳಿಗೆ ಬಯಕೆ ಊಟ ಬಡಿಸಬೇಕು. ಅವಳು ಉಂಡ ಮೇಲೆ ಮನೆಯವರು ಉಣ್ಣಬೇಕು. ಬಯಕೆ ತೀರದ ಬಸುರಿಗೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎಂಬುದು ತಮಗೂ ತಿಳಿದಿರಬಹುದು. ಬತ್ತಕ್ಕೆ ಕಿವಿ ಇಲ್ಲವಾದ್ದರಿಂದ ಅದು ಜೊಳ್ಳಾಗುತ್ತದೆ.

೨. ಅವಳು ಒಳಗೆ ಬಂದಿಲ್ಲ. ಅವಳ ಸುತ್ತ ಬೇಲಿ ಬಂದಿದೆ.

ಹೋದ ವರ್ಷದವರೆಗೆ ಸದರಿ ಗದ್ದೆ ಗೇಣಿಯ ಮೇಲೆ ನಮ್ಮ ಮನೆಯ ಕೈಯಲ್ಲೇ ಇತ್ತು. ನನ್ನ ಅಜ್ಜ ಕಾಡು ಕಡಿದು ಮಾಡಿದ ಗದ್ದೆ ಅದು. ಈ ಮಳೆಗಾಲದ ಮೊದಲು ತಾವು ವ್ಯವಸಾಯ ಇಲಾಖೆಯಿಂದ ಹೊಸ ಬೀಜ ತರಿಸಿ, ಅದನ್ನು ಮಾದರಿ ಗದ್ದೆಯೆಂದು ಹೆಸರಿಟ್ಟು, ನಮ್ಮಿಂದ ಬಿಡಿಸಿಕೊಂಡು, ಬದಲಿಗೆ ನನಗೆ ಕಾವಲು ಕೆಲಸ ಕೊಟ್ಟಿರಿ. ಹೀಗಾಗಿ ಮೊದಲು ಆ ಗದ್ದೆಗೆ ಇಳಿಯುವುದು ನನ್ನ ಕೆಲಸವಾಗಿತ್ತು. ಈಗ ಯಾರನ್ನೂ ಇಳಿಯಲು ಬಿಡದಿರುವುದು ನನ್ನ ಕೆಲಸ.

೩. ಈ ದಿನ ನಡೆದದ್ದು ಹೀಗೆ. ಕೋಳಿ ಕೂಗುವ ಮೊದಲೇ ಎದ್ದು ನನ್ನ ತಾಯಿ ಅಡಿಗೆ ಮುಗಿಸಿದ್ದರು. ಅರಿಶಿನದ ಎಲೆಯ ಕಡುಬು, ಕೆಸುವಿನ ಸೊಪ್ಪು, ಹೀರೆಕಾಯಿ, ಅಮಟೆಕಾಯಿ ಗೊಜ್ಜು, ಮೊಸರನ್ನ, ಮತ್ತು ಗುಡ್ಡ ಸುತ್ತಿ ಕಂಡ ಕಂಡಲ್ಲಿ ಚಿವುಟಿ ತಂದ ಬೆರಕೆ ಸೊಪ್ಪಿನ ಪಲ್ಯ. ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನಲ್ಲಿ ಚಿತ್ರ ಬರೆದ ಬುಟ್ಟಿಯಲ್ಲಿ ಅದನ್ನೆಲ್ಲ ಇಟ್ಟುಕೊಂಡು, ನನ್ನ ಹೆಂಡತಿ ತಂಗಮ್ಮನನ್ನು ಹಿಂದೆ ಹಾಕಿಕೊಂಡು ಗದ್ದೆಯ ಬಾಗಿಲಿಗೆ ಬಂದರು. ನಾನು ಅಡ್ಡ ನಿಂತೆ.

"ಸರಿಯೋ," ಎಂದರು.

"ಸರಿಯಕ್ಕಾಗಲ್ಲ ಅವ್ವ. ಬೋರ್ಡು ನೋಡು. ಮನುಷ್ಯರು, ದನ, ನಾಯಿ ಯಾರೂ ಬರಂಗಿಲ್ಲ."

"ನಾನು ಇದ್ರಲ್ಲಿ ಯಾವುದು?"

ನಾನು ಕಾವಲಿನ ಕೋಲನ್ನು ಬಾಗಿಲಿಗೆ ಅಡ್ಡ ಹಿಡಿದೆ.

"ಹೋಗ್ಲಿ, ನೀನೇ ಒಳಗೆ ಹೋಗಿ ಬಡ್ಸಿ ಬಾ. ನೀನು ಹೋಗ್ಬಹುದಲ್ಲ?"

ನಾನು ಹೋಗಬಹುದು, ಆದರೆ ಏನನ್ನೂ ಹಾಕಕೂಡದು ಎಂದು ತಿಳಿಸಿ ಹೇಳಿದೆ. ಆ ಗದ್ದೆಗೆ ಹಾಕುವ ಗೊಬ್ಬರವನ್ನು ಸಹ ದೊರೆಗಳು ತೂಗಿ ಹಾಕಿಸುತ್ತಾರೆ, ಹೊರಗಿನ ಒಂದು ಚೂರು ಬಿದ್ದರೂ ಪರೀಕ್ಷೆ ಕೆಡುತ್ತದೆ ಎಂದೆ. ತಾಯಿ ಬುಟ್ಟಿಯನ್ನು ಇಳಿಸಿದರು.

"ಬಸುರೀಗೆ ಅನ್ನ ಹಾಕಿದ್ರೆ ಕೆಡೋ ಪರೀಕ್ಷೆ ಯಾವುದೋ ಮಾರಾಯ? ಆಚೆ ಗದ್ದೆ, ಈಚೆ ಗದ್ದೆ, ಎಲ್ಲಾರೂ ಉಂಡು ತಣ್ಣಗೆ ನಿಂತವ್ರೆ. ನನ್ನ ಮಗಳೊಬ್ಬಳು ಬಾಯಿ ಬಿಟ್ಕೊಂಡು ನೋಡ್ತಾಳೆ. ಅವಳ ಬಾಗಿಲಲ್ಲಿ ಕೋಲು ಹಿಡ್ಕೊಂಡು ನಿಂತೋನು ನನ್ನ ಹೊಟ್ಟೇಲೇ ಹುಟ್ಟಿದೋನು. ಅವಳು ಉಣ್ಣೋತನಕ ನಾನು ಉಣ್ಣಲ್ಲ, ಹೋಗು."

ಹೀಗೆಂದು ಬೇಲಿಯ ಹೊರಗೆ ಕೂತುಬಿಟ್ಟರು. ಪಕ್ಕದಲ್ಲಿ ತಂಗಮ್ಮನೂ ಕೂತಳು. ತಂಗಮ್ಮನಿಗೆ ಈಗ ಏಳು ತಿಂಗಳು, ತವರು ಅಂತ ಯಾರೂ ಉಳಿದಿಲ್ಲ. ಹಿಂದೆ ಎರಡು ಸಲ ನಿಲ್ಲದೆ ಹೋಗಿ, ಇದು ನಿಂತಿರುವುದು. ನೀನಾದರೂ ಮನೆಗೆ ಹೋಗಿ ಒಂದು ತುತ್ತು ತಿನ್ನು ಎಂದು ನಾನು ಹೇಳಿದ್ದಕ್ಕೆ ಅವಳು, "ನೀವು ಕಾವಲು ಕಾಯ್ರಿ. ನಮ್ಮ ಹೊಟ್ಟೆ ಸುದ್ದಿ ನಿಮಗ್ಯಾಕೆ," ಎಂದು ಮುಖ ತಿರುಗಿಸಿದಳು. ಆದಕಾರಣ ನಾನು ರೈಟರ ಹತ್ತಿರ ಓಡಿದೆ.

೪. ರೈಟರ್ ಷಡಕ್ಷರಿಯವರು ವಿಭೂತಿ ಹಚ್ಚಿಕೊಂಡು ಆಫೀಸಿನ ಬಾಗಿಲು ತೆಗೆಯುತ್ತಿದ್ದರು. "ಭೂಮ್ತಾಯಿ ಸುದ್ದಿ ನಂಗೂ ಗೊತ್ತು ಕಣೋ ಲಕ್ಕಯ್ಯ. ಆದ್ರೆ ದೊರೆಗೆ ಗೊತ್ತಿರೋದು ಗೊಬ್ಬರ," ಎಂದರು. ನಾನು ಕಾಲು ಹಿಡಿಯುವುದಕ್ಕೆ ಬಗ್ಗಿದ ಮೇಲೆ ಬಂಗಲೆಗೆ ಹೊರಟರು. ತಾವು ಮೊಟ್ಟೆ ತಿನ್ನುತ್ತಿದ್ದಿರಂತೆ. ಮೊಟ್ಟೆಯ ಎದುರು ಹೆಚ್ಚು ಹೊತ್ತು ನಿಲ್ಲುವುದು ಅವರ ಮಡಿಗೆ ಆಗದ ಕಾರಣ, ವಿಷಯವನ್ನು ಚಿಕ್ಕದು ಮಾಡಿ, ಮಾದರಿ ಗದ್ದೆಯೊಳಗೆ ಒಬ್ಬಳು ತುಂಬಿದ ಬಸುರಿ ಇದ್ದಾಳೆ, ಹಸಿದಿದ್ದಾಳೆ, ಅವಳ ಕಡೆಯವರು ಊಟ ತಂದರೆ ಕಾವಲುಗಾರ ಬಿಡುತ್ತಿಲ್ಲ ಎಂದು ಹೇಳಿ ಬಂದರಂತೆ. ಇದರಲ್ಲಿ ಸುಳ್ಳು ಒಂದೂ ಇಲ್ಲ.

ತಾವು ಕರುಣಾಳುಗಳು. ಆ ಕ್ಷಣವೇ ಆಸ್ಪತ್ರೆಯ ಡ್ರೆಸ್ಸರ್ ವೆಂಕಟೇಶ ಅವರನ್ನು, ಹೊರುವ ಕುರ್ಚಿಯನ್ನು, ಅದಕ್ಕೆ ನಾಲ್ಕು ಆಳುಗಳನ್ನು, ಒಂದು ಸೀಸೆ ಔಷಧಿಯನ್ನು ಮತ್ತು ಮೇಲ್ಕಂಡ ಮೆಮೊವನ್ನು ಕಳಿಸಿಕೊಟ್ಟಿರಿ.

೫. ಡ್ರೆಸ್ಸರ್ ಅವರು ಏರಿ ಇಳಿದು ಬೆವೆತು ಬಂದು, "ಎಲ್ಲಿ ಬಸುರಿ?" ಎಂದು ಕೇಳಿದರು.

"ಅಗೋ, ಕಾಣಲ್ವಾ? ಎದುರಿಗೇ ನಿಂತಿದಾಳಲ್ಲ," ಎಂದು ತಾಯಿ ಗದ್ದೆ ತೋರಿಸಿದರು.

ಡ್ರೆಸ್ಸರ್ ಅವರು ಬೇಲಿಗುಂಟ ನಡೆದು, ಬಗ್ಗಿ ನೋಡಿ, ಒಂದು ಸಲ ಕೂಗಿ ಸಹ ನೋಡಿದರು. "ಅಮ್ಮಾ, ಹೆದರ್ಬೇಡ, ಹೊರಗೆ ಬಾ!" ಯಾರೂ ಬರಲಿಲ್ಲ. ಕುರ್ಚಿ ಹೊತ್ತ ಆಳುಗಳಿಗೆ ವಿಷಯ ಅಷ್ಟೊತ್ತಿಗೇ ತಿಳಿದಿತ್ತು. ಆದರೆ ಅವರು ಹೇಳಲಿಲ್ಲ. ಅವರೂ ಬೆಳಿಗ್ಗೆ ತಮ್ಮ ತಮ್ಮ ಗದ್ದೆಗೆ ಬಡಿಸಿ ಬಂದವರೇ. ನೆರಳಿನಲ್ಲಿ ಕುರ್ಚಿ ಇಳಿಸಿ ನಗುತ್ತ ಕೂತರು. ಕೊನೆಗೆ ಡ್ರೆಸ್ಸರ್ ಅವರ ಕಣ್ಣು ತಂಗಮ್ಮನ ಮೇಲೆ ಬಿತ್ತು. "ಇವಳೇ! ಹತ್ತಮ್ಮ ಕುರ್ಚಿ," ಎಂದರು.

"ನಾನು ಬೇಲಿ ಹೊರಗಿದೀನಿ ಕಣಣ್ಣ. ನಿಮ್ಮ ಚೀಟೀಲಿ ಇರೋಳು ಒಳಗಿರೋಳು. ಹೊರೋ ಹಂಗಿದ್ರೆ ಅವಳನ್ನೇ ಹೊತ್ಕೊಂಡು ಹೋಗಿ," ಎಂದಳು ತಂಗಮ್ಮ.

ಡ್ರೆಸ್ಸರ್ ಅವರು ನನ್ನ ಕೈಗೆ ಮೆಮೊ ಕೊಟ್ಟು, ಖಾಲಿ ಕುರ್ಚಿಯ ಜೊತೆ ಹಿಂದಿರುಗಿದರು. ಔಷಧಿಯ ಸೀಸೆಯನ್ನು ಮಾತ್ರ ತಾಯಿ ಕೇಳಿ ಇಸಿದುಕೊಂಡು ಬುಟ್ಟಿಯಲ್ಲಿಟ್ಟರು. "ಗಂಡನ ಮನೆ ಕಡೆಯಿಂದ ಏನೋ ಒಂದು ಬಂತಲ್ಲ. ಕಹಿ ಆದ್ರೂ ಆಗ್ಲಿ," ಎಂಬುದು ಅವರ ಹೇಳಿಕೆ.

೬. ಇದರಿಂದ ತಮ್ಮ ಮೂರನೆಯ ಪ್ರಶ್ನೆಗೆ ಬರುತ್ತೇನೆ. ಬಸುರಿಯ ಗಂಡ ಯಾರು? ಇದನ್ನು ಬರೆಯಲು ನನಗೆ ಸಂಕೋಚವಿದೆ. ಆದರೂ ಲಿಖಿತವಾಗಿ ಕೇಳಿರುವುದರಿಂದ ಲಿಖಿತವಾಗಿಯೇ ತಿಳಿಸುತ್ತೇನೆ. ಗದ್ದೆಯ ಪಟ್ಟೆ ಕಂಪನಿಯ ಹೆಸರಿನಲ್ಲಿದೆ. ಕಂಪನಿಯ ಕಡೆಯಿಂದ ಇಲ್ಲಿರುವವರು ತಾವು. ಆದ್ದರಿಂದ ತಾವು ಗಂಡನ ಮನೆಯವರು. ನಾವು ತವರಿನವರು. ಆದಕಾರಣ ತಾವೂ ನಾವೂ ಬೀಗರು.

ಇದು ನಾನು ಕಟ್ಟಿದ ಸಂಬಂಧವಲ್ಲ. ಗೌರಿ ಹಬ್ಬ ಕಳೆದ ಮೇಲೆ ಒಂದು ದಿನ ತಾವು ಕುದುರೆಯ ಮೇಲೆ ಗದ್ದೆ ನೋಡಲು ಬಂದಾಗ ತಾಯಿ ಅಡ್ಡ ಬಂದು, "ಬೀಗರೇ, ಬರೋ ಭೂಮಿ ಹುಣ್ಣಿಮೇಗೆ ನಮ್ಮ ಹುಡುಗೀಗೆ ಬಯಕೆ ಹಾಕ್ತೀವಿ," ಎಂದಿದ್ದರು. ತಾವು "ಆಗ್ಲಿ, ಆಗ್ಲಿ" ಎಂದಿರಿ. ತಾವು ಎಲ್ಲದಕ್ಕೂ ಆಗ್ಲಿ ಎನ್ನುತ್ತೀರೆಂದು, ಹೋದ ತಿಂಗಳು ಸಂಬಳ ಹೆಚ್ಚಿಸಿ ಎಂದಾಗಲೂ ಹಾಗೆಯೇ ಅಂದಿರೆಂದು ನಾನು ತಾಯಿಗೆ ಹೇಳಿದೆ. ಅವರು ನಂಬಲಿಲ್ಲ. "ಬೀಗತನದ ವಿಷ್ಯದಲ್ಲಿ ಯಾರೂ ಸುಮ್ಮನೆ ಆಗ್ಲಿ ಅನ್ನಲ್ಲ," ಎಂದರು.

೭. ಭೂಮಿಗೆ ನಾವು ತವರಿನವರು ಹೇಗಾದೆವು, ಇದಕ್ಕೆ ದಾಖಲೆ ಏನು ಎಂದು ತಾವು ಕೇಳುವ ಸಂಭವವಿರುವುದರಿಂದ, ತಾಯಿಯವರು ಬೇಲಿಯ ಬುಡದಲ್ಲಿ ಕೂತು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡಿದ್ದೇನೆ.

"ಮೊದಲ್ನೇ ಸಲ ಬಸುರಿಯಾದಾಗ ಭೂಮ್ತಾಯಿಗೆ ಬಯಕೆ ಆಯ್ತು. ಬಯಕೆ ಹಾಕೋರು ಯಾರು? ತವರಿನೋರು. ಇವಳಿಗೆ ತವರು ಎಲ್ಲಿಂದ ಬರ್ಬೇಕು? ಇವಳಿಗಿಂತ ಮುಂಚೆ ಯಾರಿದ್ರು? ಎಲ್ಲಾರೂ ಇವಳ ಮೇಲೇ ಹುಟ್ಟಿದೋರು. ಆಕಾಶನ ಕೇಳಿದ್ಲು. ಅವನು, ನಾನು ಮಳೆ ಸುರಿಸೋನು, ಗಂಡನ ಕಡೆಯೋನು, ತವರಿನ ಕೆಲಸ ನಂದಲ್ಲ ಅಂದ. ಸಮುದ್ರನ ಕೇಳಿದ್ಲು. ನನ್ನತ್ರ ಇರೋದು ಉಪ್ಪು ಅಂದ. ಆ ದೇವರಮನೆ ಗುಡ್ಡನ ಕೇಳಿದ್ಲು. ನಾನೇ ನಿನ್ನ ಮೇಲೆ ಕೂತಿದೀನಲ್ಲ ತಾಯಿ, ಎದ್ದು ಎಲ್ಲಿಗೆ ಹೋಗ್ಲಿ ಅಂತು. ಕೊನೆಗೆ ಹರಕು ಸೀರೆ ಉಟ್ಟ ಬಸುರಿ ಹೆಂಗಸಾಗಿ ಕಾಡಿನ ಅಂಚಲ್ಲಿ ಗೆಣಸು ಕೀಳ್ತಿದ್ದ ಒಬ್ಬಳ ಗುಡಿಸಲಿಗೆ ಬಂದ್ಲು. ಆಗ ಅಕ್ಕಿ ಅನ್ನೋದೇ ಇರ್ಲಿಲ್ಲ. ಆ ಪುಣ್ಯಾತ್ಗಿತ್ತಿ ಓಡಿ ಹೋಗಿ ಕೈಗೆ ಸಿಕ್ಕ ಸೊಪ್ಪೆಲ್ಲ ಚಿವುಟಿ ತಂದು, ಬೇಯಿಸಿ, ಎಲೆ ಹಾಕಿ ಬಡ್ಸಿದ್ಲು. ಮನೇಲಿದ್ದ ಇಲಿ ಅಯ್ಯೋ ಪಾಪ ಅಂತ ತನ್ನ ಬಿಲದಿಂದ ನಾಕು ಹುಲ್ಲಿನ ಕಾಳು ಕಚ್ಕೊಂಡು ಬಂದು ಎಲೆ ಅಂಚಿಗೆ ಇಡ್ತು. ಹೊಟ್ಟೆ ತುಂಬ ಉಂಡು ಅವಳು, ಇನ್ನು ಇದೇ ನನ್ನ ತವರು ಅಂದು ಹೋದ್ಲು. ಅವಳು ಕೂತಿದ್ದ ಜಾಗದಲ್ಲೇ ಮೊದಲ ಬತ್ತ ಹುಟ್ಟಿದ್ದು. ಅದಕ್ಕೇ ಬುಟ್ಟೀಲಿ ಬೆರಕೆ ಸೊಪ್ಪು. ಅದಕ್ಕೇ ಇಲಿಗೊಂದು ಪಾಲು. ತಿಳೀತಾ? ಬರ್ಕೊಂಡ್ಯಾ? ನಿಮ್ಮ ದೊರೆಗೆ ಓದಿ ಹೇಳು."

ಸದರಿ ಗೆಣಸು ಕೀಳುವ ಹೆಂಗಸಿನ ಹೆಸರು ತಿಳಿದುಬಂದಿಲ್ಲ. ಅವಳು ನಮ್ಮ ಮನೆತನದವಳು ಎಂದು ತಾಯಿಯವರ ಹೇಳಿಕೆ. ಊರಿನ ಉಳಿದ ಮನೆಯವರೂ ತಮ್ಮ ತಮ್ಮ ಮನೆತನದವಳೆಂದೇ ಹೇಳಿಕೊಳ್ಳುವುದರಿಂದ ಈ ಬಗ್ಗೆ ಸಾಕ್ಷಿಗಳಿಗೆ ಕೊರತೆ ಇಲ್ಲ.

೮. ಇನ್ನು ಪರೀಕ್ಷೆ ಕೆಡುವ ವಿಷಯ. ತಾವು ಹೇಳುವುದರಲ್ಲಿ ನ್ಯಾಯವಿದೆ ಎಂದು ನಾನು ಒಪ್ಪುತ್ತೇನೆ. ಹಾಗಾಗಿ ಕಡುಬನ್ನು ಬೇಕಾದರೆ ಗೊಬ್ಬರದ ತಕ್ಕಡಿಯಲ್ಲಿ ತೂಗಿ, ರೈಟರ್ ಅವರು ಲೆಕ್ಕದಲ್ಲಿ ‘ಕಡುಬು’ ಎಂದು ಬೇರೆ ಕಲಮು ಮಾಡಿಕೊಳ್ಳಬಹುದು. ಅದೂ ಅಲ್ಲದೆ ಬೆಳ್ಳಕ್ಕಿಗಳು ದಿನವೂ ಬೋರ್ಡನ್ನು ಲಕ್ಷಿಸದೆ ಒಳಗಿಳಿದು, ತೂಗದ ಗೊಬ್ಬರ ಹಾಕಿ ಹೋಗುತ್ತಿವೆ. ಅವುಗಳ ಹೆಸರಿಗೆ ಇದುವರೆಗೆ ಮೆಮೊ ಹೊರಟಿಲ್ಲ.

೯. ಬೀಗತನವನ್ನು ತಾವು ಒಪ್ಪುವ ಪಕ್ಷದಲ್ಲಿ ಇನ್ನೊಂದು ಮಾತು. ಬೀಗರು ಬೀಗರು ಬಡಿದಾಡಿಕೊಂಡು ಕೋರ್ಟಿಗೆ ಹೋದವರು ಈ ಸೀಮೆಯಲ್ಲಿ ಇದ್ದಾರೆ. ಅಂಥವರು ಸಹ ತವರಿನ ಬುಟ್ಟಿ ಬಂದ ದಿನ ಬಾಗಿಲು ತೆಗೆದು ಚಾಪೆ ಹಾಸುತ್ತಾರೆ. ಬಯಕೆ ಊಟವನ್ನು ಬಾಗಿಲಲ್ಲೇ ತಡೆದ ಗಂಡನ ಮನೆ ಎಂಬ ಹೆಸರು ಇದುವರೆಗೆ ಕೊಟ್ಟಿಗೆಹಾರದಿಂದ ಕಳಸದವರೆಗೆ ಯಾರಿಗೂ ಬಂದಿಲ್ಲ. ಅದು ತಮಗೆ ಬರಬಾರದೆಂದೇ ನನ್ನ ಪ್ರಾರ್ಥನೆ.

ಆದ್ದರಿಂದ, ಸೂರ್ಯ ಮುಳುಗುವುದರೊಳಗೆ ಸದರಿ ಗದ್ದೆಯ ಬಾಗಿಲು ತೆಗೆದು ನನ್ನ ತಾಯಿಯವರಿಗೆ ಒಳಗೆ ಹೋಗಿ ಬಡಿಸಲು ಅಪ್ಪಣೆ

(ಇಲ್ಲಿಗೆ ಅರ್ಜಿ ಬರೆಯುವುದು ನಿಂತಿತ್ತು. ಈಗ ಮುಂದುವರಿಸಿದೆ.)

೧೦. ಮೇಲಿನ ವಾಕ್ಯ ಬರೆಯುತ್ತಿದ್ದಾಗ ತಂಗಮ್ಮ ನೆರಳಿಗೆ ಸರಿಯಲೆಂದು ಎದ್ದವಳು, ಬೇಲಿಯ ಗೂಟ ಹಿಡಿದುಕೊಂಡು, ಹಾಗೆಯೇ ಕುಸಿದು ಕೂತಳು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ತಾಯಿ ಅವಳನ್ನು ನೋಡಿದರು, ಗದ್ದೆಯನ್ನು ನೋಡಿದರು. ನನ್ನ ತಾಯಿಗೆ ಏನು ಮಾಡುವುದೆಂದು ತೋಚದಿದ್ದುದನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲೆ ಬುಟ್ಟಿಯ ಬಟ್ಟೆ ತೆಗೆದು ಒಂದು ಕಡುಬು ಬಿಡಿಸಿ ಅವಳ ಬಾಯಿಗೆ ಹಿಡಿದರು.

"ಉಣ್ಣು ಹುಡುಗಿ. ಅವಳಿಗಿಂತ ಮುಂಚೆ ಉಂಡ ಪಾಪ ನಂಗಿರ್ಲಿ."

ತಂಗಮ್ಮ ತುಟಿ ಬಿಗಿ ಹಿಡಿದು ತಲೆ ಆಡಿಸಿದಳು. "ಬೇಡ ಅತ್ತೆ. ಇಬ್ರಿಗೂ ಒಂದೇ ತಿಂಗಳಿಗೆ ಅಲ್ವಾ? ಅವಳನ್ನ ಉಪವಾಸ ಕೆಡವಿ ನಾನು ಉಂಡ್ರೆ ನಂದು ಮಾತ್ರ ಹೆಂಗೆ ನಿಲ್ತದೆ?"

ನಾನು ಲೇಖನಿ ಕೆಳಗಿಟ್ಟೆ. ಕಾವಲುಗಾರನಾಗಿ ಒಂದು ಸಲ ಸುತ್ತಲೂ ನೋಡಿದೆ. ಯಾರೂ ಅತಿಕ್ರಮಣ ಮಾಡುವವರು ಕಾಣಲಿಲ್ಲ. ಕಾಣುವಂತೆ ಇದ್ದವನು ನಾನೊಬ್ಬನೇ. ತಂತಿಯ ಬಾಗಿಲು ಎಳೆದು ತೆಗೆದೆ.

ಹೀಗಾಗಿ, ಮೇಲೆ ಕೋರಿದ ಅಪ್ಪಣೆಯನ್ನು ಅರ್ಜಿದಾರನು ಸಮಯದ ಅಭಾವದಿಂದ ತಮ್ಮ ಪರವಾಗಿ ತಾನೇ ಮಂಜೂರು ಮಾಡಿಕೊಂಡಿರುತ್ತಾನೆ.

೧೧. ಒಳಗೆ ನಡೆದದ್ದನ್ನು ಮುಚ್ಚಿಡದೆ ತಿಳಿಸುತ್ತೇನೆ. ತಾಯಿ ಗದ್ದೆಗೆ ಇಳಿದು, ಒಂದು ಬತ್ತದ ಬುಡಕ್ಕೆ ಅರಿಶಿನ ಕುಂಕುಮ ಇಟ್ಟು, ಕುಪ್ಪಸದ ಕಣವನ್ನು ಅದಕ್ಕೆ ಸುತ್ತಿ, ಎಲೆ ಹಾಕಿ ಎಲ್ಲವನ್ನೂ ಬಡಿಸಿದರು. ಇಲಿಯ ಪಾಲನ್ನು ಬದುವಿನ ಮೇಲಿಟ್ಟರು. ಒಂದು ಕಡುಬನ್ನು ಮಣ್ಣಿನಲ್ಲಿ ಹೂತರು. ಆಮೇಲೆ ಕೂತು, ತವರಿನವರು ಮಾತಾಡುವಂತೆ ಮಾತಾಡಿದರು.

"ತಡ ಆಯ್ತು ಕಣವ್ವ, ಬೇಜಾರು ಮಾಡ್ಕೋಬೇಡ. ನಿಮ್ಮಣ್ಣ ಅರ್ಜಿ ಬರೀತಿದ್ದ."

ಆಗ ಗಾಳಿ ಬೀಸಿತು. ಬತ್ತವೆಲ್ಲ ಒಂದು ಕಡೆಗೆ ಬಾಗಿ ಎದ್ದಿತು. ಅವಳು ಉಂಡಳೆಂದು ತಾಯಿ ಹೇಳಿದರು. ಗಾಳಿ ಬೀಸಿತೆಂದು ಮಾತ್ರ ನಾನು ಕಾವಲುಗಾರನಾಗಿ ದೃಢೀಕರಿಸುತ್ತೇನೆ. ಅದಾದ ಮೇಲೆ ತಂಗಮ್ಮ ಬದುವಿನ ಮೇಲೆ ಕಾಲು ಚಾಚಿ ಕೂತು ಉಂಡಳು. ಮೂರು ಸಲ ಹಾಕಿಸಿಕೊಂಡಳು. ಈಗ ಮುಖದಲ್ಲಿ ರಕ್ತವಿದೆ. ನನ್ನನ್ನು ಬೈಯುವಷ್ಟು ಶಕ್ತಿಯೂ ಬಂದಿದೆ. ಉಲ್ಲೇಖ (ಇ)ರಲ್ಲಿ ಕಾಣಿಸಿದ ಬೈಗುಳ ಈ ಕ್ಷಣದಿಂದ ಸೊಸೆಯ ಹೆಸರಿಗೆ ವರ್ಗವಾಗಿದೆ.

೧೨. ಮೇಲ್ಕಂಡ ಕಾರಣಗಳಿಂದ, ಬೇಲಿಯ ಬಾಗಿಲು ತೆಗೆದವನು ನಾನು, ಗದ್ದೆಗೆ ಹೊರಗಿನ ವಸ್ತು ಹಾಕಿಸಿದವನು ನಾನು, ಅದನ್ನು ತಡೆಯಬೇಕಾಗಿದ್ದವನೂ ನಾನು ಎಂದು ಒಪ್ಪಿಕೊಂಡಿದ್ದೇನೆ. ಮೂರಕ್ಕೂ ಸೇರಿ ಒಂದೇ ಶಿಕ್ಷೆ ಕೊಡುವಂತೆ ಕೋರುತ್ತೇನೆ. ಬಡಿಸಿದ್ದಕ್ಕೆ ಹಿಂದಿನಿಂದ ಅನ್ವಯಿಸುವಂತೆ ಅಪ್ಪಣೆ ದಯಪಾಲಿಸಲು ಸಾಧ್ಯವಿದ್ದರೆ ಒಳ್ಳೆಯದು. ಇಲ್ಲವಾದರೆ ಮಣ್ಣಿನಲ್ಲಿ ಹೂತ ಕಡುಬನ್ನು ತೆಗೆಸಬಹುದು. ಉಂಡದ್ದನ್ನು ತೆಗೆಸುವ ಉಪಾಯ ನನಗೆ ತಿಳಿಯದು.

ಇತಿ ತಮ್ಮ ವಿಶ್ವಾಸಿ, ಮತ್ತು ತಾಯಿಯವರ ಒತ್ತಾಯದ ಮೇರೆಗೆ, ತಮ್ಮ ಬೀಗ,
ಲಕ್ಕಯ್ಯ
(ರುಜು)

ಲಗತ್ತುಗಳು:
(ಅ) ತಮ್ಮ ಮೆಮೊ. ಇದರ ಮೇಲಿನ ಹಳದಿ ಕಲೆ ಅರಿಶಿನದ್ದು, ಉದ್ದೇಶಪೂರ್ವಕವಲ್ಲ.
(ಆ) ಗಂಡನ ಮನೆಯ ಪಾಲಿನ ಕಡುಬು ಎರಡು, ಎಲೆಯಲ್ಲಿ ಕಟ್ಟಿದ್ದು. ಎಲೆ ಬಿಡಿಸಿ ತಿನ್ನುವುದು.

ಕಡೆಯ ಕೋರಿಕೆ: ನನ್ನನ್ನು ಕ್ಷಮಿಸಲಾಗದೆ ಕೆಲಸದಿಂದ ತೆಗೆಯುವುದೇ ಆದಲ್ಲಿ ಇಂದೇ ತೆಗೆಯಬಹುದು, ತಕರಾರಿಲ್ಲ. ಆದರೆ ಲೈನ್ ಮನೆಯನ್ನು ಸುಗ್ಗಿಯವರೆಗೆ ಬಿಟ್ಟುಕೊಡಬೇಕು. ಬೇಲಿಯ ಒಳಗೊಂದು ಹೊರಗೊಂದು, ಎರಡೂ ಹೆರಿಗೆ ಒಂದೇ ತಿಂಗಳಲ್ಲಿ ಬೀಳಲಿದ್ದು, ಹೆತ್ತವಳ ಹತ್ತಿರ ನಿಲ್ಲಲು ತವರಿನವರು ಅಂತ ಇಬ್ಬರಿಗೂ ಸೇರಿ ಇರುವವರು ನನ್ನ ತಾಯಿ ಒಬ್ಬರೇ ಆಗಿರುತ್ತಾರೆ.